ಸರ್ವರ್‌ನಲ್ಲಿ ನಡೆಯುವ ಬಿಲ್ಲಿಂಗ್ ಪಕ್ಕದ ಕೌಂಟರ್‌ನಲ್ಲಿ ಯಾಕೆ ಓಪನ್ ಆಗುವುದಿಲ್ಲ? ಎಸ್‌ಕ್ಯೂಎಲ್ ಸರ್ವರ್ ನೆಟ್‌ವರ್ಕ್ ಸೆಟ್ಟಿಂಗ್‌ಗಳ ಸಮಗ್ರ ಮಾರ್ಗದರ್ಶಿ

ಅಂಗಡಿ, ಕ್ಲಿನಿಕ್, ಶಾಲೆಯ ಆಫೀಸು, ಎಲ್ಲ ಕಡೆಯಿಂದ ಬರುವ ದೂರು ಒಂದೇ. ಸಾಫ್ಟ್‌ವೇರ್ ಹಾಕಿದ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ಎರಡನೇ ಕಂಪ್ಯೂಟರ್‌ನಲ್ಲಿ ಎರರ್ ಬರುತ್ತದೆ. ಹೇಗೋ ಸರಿ ಮಾಡಿದರೆ, ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಅದೇ ಕಥೆ. ಆಗ ಹೆಚ್ಚಿನವರು ಫೈರ್‌ವಾಲ್ ಆಫ್ ಮಾಡುತ್ತಾರೆ, ಎಲ್ಲವನ್ನೂ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುತ್ತಾರೆ, ಕೊನೆಗೆ ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡುತ್ತಾರೆ. ಇಷ್ಟೆಲ್ಲ ಬೇಕಿಲ್ಲ. ಸರ್ವರ್ ಕಡೆಯಿಂದ ಶುರು ಮಾಡಿ, ಒಂದೊಂದು ಹಂತವನ್ನೂ ಪರೀಕ್ಷಿಸಿ ಮುಂದೆ ಹೋದರೆ ಸಾಕು.

ಬಿಲ್ಲಿಂಗ್‌ನಂಥ ಸಾಫ್ಟ್‌ವೇರ್ ತನ್ನ ಮಾಹಿತಿ ಇಡುವ ಡೇಟಾಬೇಸ್ ಪ್ರೋಗ್ರಾಂ ಎಸ್‌ಕ್ಯೂಎಲ್ ಸರ್ವರ್, ಅದರ ಉಚಿತ ಆವೃತ್ತಿ ಎಕ್ಸ್‌ಪ್ರೆಸ್. ಅದು ಇರುವ ಕಂಪ್ಯೂಟರನ್ನು ಇಲ್ಲಿ ಸರ್ವರ್ ಅನ್ನುತ್ತೇವೆ, ಅದಕ್ಕೆ ಸೇರುವ ಉಳಿದವುಗಳನ್ನು ಕೌಂಟರ್ ಅನ್ನುತ್ತೇವೆ. ಇಲ್ಲಿ ಹೇಳುವುದು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ 2016ರಿಂದ 2022ರವರೆಗಿನ ಆವೃತ್ತಿಗಳ ಬಗ್ಗೆ. ವಿಂಡೋಸ್ 10 ಅಥವಾ 11, ಒಂದೇ ರೌಟರ್, ನಾಲ್ಕಾರು ಕಂಪ್ಯೂಟರ್. ಡೊಮೈನ್ (ಎಲ್ಲ ಕಂಪ್ಯೂಟರ್‌ಗಳ ಲಾಗಿನ್ ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ) ಇರುವ ದೊಡ್ಡ ಆಫೀಸಿಗೆ ಇದು ಪೂರ್ತಿ ಹೊಂದುವುದಿಲ್ಲ.

## ಡೀಫಾಲ್ಟ್ ಸೆಟ್ಟಿಂಗ್ ಯಾಕೆ ಕೈಕೊಡುತ್ತದೆ

ಎಕ್ಸ್‌ಪ್ರೆಸ್ ಇನ್‌ಸ್ಟಾಲ್ ಆದಾಗ ಟಿಸಿಪಿ/ಐಪಿ, ಅಂದರೆ ನೆಟ್‌ವರ್ಕ್ ಮೂಲಕ ಬರುವ ದಾರಿ, ಆಫ್ ಇರುತ್ತದೆ. ಶೇರ್ಡ್ ಮೆಮೊರಿ ಎಂಬ ದಾರಿ ಆನ್ ಇರುತ್ತದೆ, ಆದರೆ ಅದು ಅದೇ ಯಂತ್ರದೊಳಗೆ ಮಾತ್ರ ಕೆಲಸ ಮಾಡುತ್ತದೆ. ಸರ್ವರ್‌ನಲ್ಲಿ ಓಪನ್ ಆಗುವ ಸಾಫ್ಟ್‌ವೇರ್ ಬೇರೆ ಕಡೆ ಆಗದಿರುವುದಕ್ಕೆ ಮೊದಲ ಕಾರಣ ಇದೇ.

ಇನ್ನೂ ಎರಡು ಸಂಗತಿ ಇವೆ. ಎಕ್ಸ್‌ಪ್ರೆಸ್‌ಗೆ ಪೋರ್ಟ್ ನಂಬರ್ (ಯಂತ್ರದೊಳಗೆ ಒಂದು ಪ್ರೋಗ್ರಾಂ ತಲುಪುವ ಬಾಗಿಲಿನ ಸಂಖ್ಯೆ) ಗಟ್ಟಿಯಾಗಿ ನಿಗದಿ ಆಗಿರುವುದಿಲ್ಲ, ಖಾಲಿ ಇರುವ ಯಾವುದೋ ಒಂದನ್ನು ವಿಂಡೋಸ್ ಕೊಡುತ್ತದೆ. ಐಪಿ ವಿಳಾಸವನ್ನು ರೌಟರ್ ಹಂಚುತ್ತದೆ, ಅದೂ ಬದಲಾಗಬಹುದು. ಹೀಗಾಗಿ ನಾವು ಮಾಡಬೇಕಾದ ಕೆಲಸ ಇಷ್ಟು: ವಿಳಾಸ ಅಲುಗಾಡಬಾರದು, ಪೋರ್ಟ್ ಅಲುಗಾಡಬಾರದು, ಫೈರ್‌ವಾಲ್‌ನಲ್ಲಿ ಆ ಒಂದು ಪೋರ್ಟ್ ಮಾತ್ರ ತೆರೆದಿರಬೇಕು.

## ಕೈಯಲ್ಲಿ ಏನೇನು ಇರಬೇಕು

ಸರ್ವರ್ ಮತ್ತು ಒಂದು ಕೌಂಟರ್ ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡ್. ರೌಟರ್ ಪಾಸ್‌ವರ್ಡ್ (ಹೆಚ್ಚಿನ ರೌಟರ್‌ಗಳ ಹಿಂದೆ ಸ್ಟಿಕ್ಕರ್ ಮೇಲೆ ಇರುತ್ತದೆ). ಡೇಟಾಬೇಸ್‌ಗೆ ನಿಮ್ಮ ಸಾಫ್ಟ್‌ವೇರ್ ಬಳಸುವ ಲಾಗಿನ್ ಹೆಸರು ಮತ್ತು ಪಾಸ್‌ವರ್ಡ್. ಇವತ್ತಿನ ಒಂದು ಬ್ಯಾಕಪ್. ಹೊಸ ಸಾಫ್ಟ್‌ವೇರ್ ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ, ಏಳನೇ ಹಂತದಲ್ಲಿ ಲಾಗಿನ್ ಬಗೆ ಬದಲಾಯಿಸಬೇಕಾಗಿ ಬಂದರೆ ಮಾತ್ರ ಮ್ಯಾನೇಜ್‌ಮೆಂಟ್ ಸ್ಟುಡಿಯೋ (ಎಸ್‌ಕ್ಯೂಎಲ್ ಸರ್ವರ್ ನಿರ್ವಹಿಸುವ ಮೈಕ್ರೋಸಾಫ್ಟ್‌ನ ಪ್ರೋಗ್ರಾಂ) ಬೇಕಾಗುತ್ತದೆ.

ಜನ ಇಲ್ಲದ ಹೊತ್ತು ನೋಡಿ ಶುರು ಮಾಡಿ. ಮಧ್ಯದಲ್ಲಿ ಸರ್ವೀಸ್, ಅಂದರೆ ಹಿನ್ನೆಲೆಯಲ್ಲಿ ಓಡುತ್ತಿರುವ ಎಸ್‌ಕ್ಯೂಎಲ್ ಸರ್ವರ್ ಪ್ರೋಗ್ರಾಂ, ರೀಸ್ಟಾರ್ಟ್ ಮಾಡಬೇಕಾಗುತ್ತದೆ. ಆಗ ಬಿಲ್ ಹಾಕುತ್ತಿರುವ ಎಲ್ಲರ ಸಂಪರ್ಕವೂ ಕಡಿದುಹೋಗುತ್ತದೆ.

## ಹಂತ 1: ಸರ್ವರ್ ವಿಳಾಸವನ್ನು ಗಟ್ಟಿ ಮಾಡಿ

ಸರ್ವರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಕಮಾಂಡನ್ನು ಆಲ್ ಆಯ್ಕೆಯ ಜೊತೆ ಓಡಿಸಿ. ಕೇಬಲ್ ಹಾಕಿರುವ ಈಥರ್‌ನೆಟ್ ಭಾಗದಲ್ಲಿ ಎರಡು ಸಾಲು ಬರೆದುಕೊಳ್ಳಿ: ಐಪಿವಿ4 ಅಡ್ರೆಸ್ ಮತ್ತು ಫಿಸಿಕಲ್ ಅಡ್ರೆಸ್. ವಿಳಾಸ 169.254 ಅಂತ ಶುರುವಾದರೆ ಅಲ್ಲೇ ನಿಲ್ಲಿ. ರೌಟರ್‌ನಿಂದ ವಿಳಾಸವೇ ಬಂದಿಲ್ಲ ಅಂತ ಅರ್ಥ. ಕೇಬಲ್ಲೋ ಸ್ವಿಚ್ಚೋ ಮೊದಲು ಸರಿಯಾಗಲಿ.

ಈಗ ರೌಟರ್ ಪುಟಕ್ಕೆ ಹೋಗಿ. ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ) ವಿಭಾಗದಲ್ಲಿ ಅಡ್ರೆಸ್ ರಿಸರ್ವೇಶನ್ ಅಥವಾ ಸ್ಟ್ಯಾಟಿಕ್ ಲೀಸ್ ಎಂಬ ಆಯ್ಕೆ ಇರುತ್ತದೆ. ಅಲ್ಲಿ ಸರ್ವರ್‌ನ ಫಿಸಿಕಲ್ ಅಡ್ರೆಸ್‌ಗೆ ಒಂದು ಐಪಿ ಕಟ್ಟಿಹಾಕಿ. ಈ ಬರಹದಲ್ಲಿ 192.168.1.50 ಅಂತ ಇಟ್ಟುಕೊಳ್ಳೋಣ, ನಿಮ್ಮಲ್ಲಿ ಬೇರೆ ಇರಬಹುದು. ಉಳಿಸಿ, ಸರ್ವರ್ ರೀಸ್ಟಾರ್ಟ್ ಮಾಡಿ, ಅದೇ ವಿಳಾಸ ಬಂತಾ ನೋಡಿ.

ವಿಂಡೋಸ್‌ನಲ್ಲೇ ಸ್ಟ್ಯಾಟಿಕ್ ಐಪಿ ಹಾಕಿದರೆ ಆಗುವುದಿಲ್ಲವಾ? ಆಗುತ್ತದೆ, ಆದರೆ ರೌಟರ್‌ಗೆ ಅದು ಗೊತ್ತಾಗುವುದಿಲ್ಲ. ಅದು ಹಂಚುವ ವಿಳಾಸಗಳ ಪಟ್ಟಿಯಲ್ಲೇ ನಿಮ್ಮ ಐಪಿ ಇದ್ದರೆ, ಒಂದು ದಿನ ಯಾರದೋ ಮೊಬೈಲಿಗೆ ಅದೇ ವಿಳಾಸ ಹೋಗುತ್ತದೆ. ಆಗ ಬಿಲ್ಲಿಂಗ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ, ಕಾರಣ ಹುಡುಕುವುದು ಬಲು ಕಷ್ಟ. ರೌಟರ್‌ನಲ್ಲಿ ರಿಸರ್ವೇಶನ್ ಇಲ್ಲವೇ ಇಲ್ಲ ಅಂದರೆ ಮಾತ್ರ ವಿಂಡೋಸ್‌ನಲ್ಲಿ ಹಾಕಿ, ಅದೂ ಹಂಚಿಕೆಯ ಪಟ್ಟಿಯಿಂದ ಹೊರಗಿನ ವಿಳಾಸವನ್ನೇ ಹಾಕಿ.

ಇಲ್ಲೇ ಇನ್ನೊಂದೆರಡು ಸಣ್ಣ ಕೆಲಸ ಮುಗಿಸಿ. ಸರ್ವರ್‌ನ ವೈಫೈ ಆಫ್ ಮಾಡಿ, ಯಾಕೆಂದರೆ ವೈಫೈಗೆ ಬೇರೆಯೇ ಫಿಸಿಕಲ್ ಅಡ್ರೆಸ್, ಬೇರೆಯೇ ಐಪಿ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ನೆವರ್ ಮಾಡಿ. "ಮಧ್ಯಾಹ್ನ ಊಟ ಮುಗಿಸಿ ಬಂದಾಗ ಮಾತ್ರ ಎರರ್" ಅನ್ನುವವರ ತೊಂದರೆ ಹೆಚ್ಚಾಗಿ ಈ ಸ್ಲೀಪ್‌ನದ್ದೇ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ ಪಬ್ಲಿಕ್ ಅಂತ ಇದ್ದರೆ ಪ್ರೈವೇಟ್‌ಗೆ ಬದಲಾಯಿಸಿ. ಇದನ್ನು ಮರೆತರೆ ನಾಲ್ಕನೇ ಹಂತದಲ್ಲಿ ಸಿಕ್ಕಿಬೀಳುತ್ತೀರಿ.

## ಹಂತ 2: ಟಿಸಿಪಿ/ಐಪಿ ಆನ್ ಮಾಡಿ

ಸರ್ವರ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಶನ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್ ಮೆನುವಿನಲ್ಲಿ ಕಾಣದಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಸ್‌ಕ್ಯೂಎಲ್‌ಸರ್ವರ್‌ಮ್ಯಾನೇಜರ್16.ಎಂಎಸ್‌ಸಿ ಅಂತ ಇಂಗ್ಲಿಷ್‌ನಲ್ಲಿ ಜಾಗ ಬಿಡದೆ ಟೈಪ್ ಮಾಡಿ. 16 ಅಂದರೆ 2022ರ ಆವೃತ್ತಿ. 2019ಕ್ಕೆ 15, 2017ಕ್ಕೆ 14, 2016ಕ್ಕೆ 13.

ಎಡಗಡೆ ಎಸ್‌ಕ್ಯೂಎಲ್ ಸರ್ವರ್ ನೆಟ್‌ವರ್ಕ್ ಕಾನ್ಫಿಗರೇಶನ್ ಕೆಳಗೆ "ಪ್ರೋಟೋಕಾಲ್ಸ್ ಫಾರ್" ಎಂದು ಶುರುವಾಗುವ ಸಾಲು ಇರುತ್ತದೆ, ಹೆಚ್ಚಾಗಿ ಕೊನೆಯಲ್ಲಿ ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್ ಅಂತ. ಅದನ್ನು ಕ್ಲಿಕ್ ಮಾಡಿ, ಬಲಗಡೆ ಟಿಸಿಪಿ/ಐಪಿ ಮೇಲೆ ರೈಟ್ ಕ್ಲಿಕ್ ಮಾಡಿ, ಎನೇಬಲ್ ಒತ್ತಿ.

ಇಂಥ ಸಾಲುಗಳು ಎರಡು ಮೂರು ಇದ್ದರೆ ಎಚ್ಚರ. ಹಳೆಯ ಸಾಫ್ಟ್‌ವೇರ್ ಬಿಟ್ಟುಹೋದ ಇನ್‌ಸ್ಟನ್ಸ್ (ಒಂದೇ ಯಂತ್ರದಲ್ಲಿ ಪ್ರತ್ಯೇಕವಾಗಿ ಓಡುವ ಎಸ್‌ಕ್ಯೂಎಲ್ ಸರ್ವರ್‌ನ ಒಂದು ಪ್ರತಿ) ಇನ್ನೂ ಅಲ್ಲೇ ಕೂತಿರಬಹುದು. ನಿಮ್ಮ ಬಿಲ್ಲಿಂಗ್ ಯಾವುದನ್ನು ಬಳಸುತ್ತಿದೆ ಅಂತ ಸಾಫ್ಟ್‌ವೇರ್‌ನ ಡೇಟಾಬೇಸ್ ಸೆಟ್ಟಿಂಗ್‌ನಲ್ಲಿ ನೋಡಿ, ಅದನ್ನೇ ಮುಟ್ಟಿ. ತಪ್ಪು ಇನ್‌ಸ್ಟನ್ಸ್‌ಗೆ ಎಲ್ಲವನ್ನೂ ಸರಿಯಾಗಿ ಮಾಡಿ ತಲೆ ಚಚ್ಚಿಕೊಳ್ಳುವವರು ಕಮ್ಮಿಯೇನಿಲ್ಲ.

ಕ್ಲೈಂಟ್ ಕಾನ್ಫಿಗರೇಶನ್ ಎಂಬ ಇನ್ನೊಂದು ಭಾಗವೂ ಅಲ್ಲಿ ಕಾಣುತ್ತದೆ. ಈಗ ಅದರ ತಂಟೆ ಬೇಡ.

## ಹಂತ 3: ಪೋರ್ಟ್ ಒಂದೇ ಕಡೆ ನಿಲ್ಲಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

ಟಿಸಿಪಿ/ಐಪಿ ಮೇಲೆ ಡಬಲ್ ಕ್ಲಿಕ್ ಮಾಡಿ. ಪ್ರೋಟೋಕಾಲ್ ಟ್ಯಾಬ್‌ನಲ್ಲಿ ಲಿಸನ್ ಆಲ್ ಎಂಬುದು ಯೆಸ್ ಇರಲಿ. ಐಪಿ ಅಡ್ರೆಸಸ್ ಟ್ಯಾಬ್‌ಗೆ ಹೋದರೆ ಐಪಿ1, ಐಪಿ2, ಐಪಿ3 ಅಂತ ಉದ್ದದ ಪಟ್ಟಿ ಬರುತ್ತದೆ. ಅಲ್ಲಿ ಏನನ್ನೂ ಬದಲಾಯಿಸಬೇಡಿ. ಲಿಸನ್ ಆಲ್ ಯೆಸ್ ಇದ್ದಾಗ ಆ ಪಟ್ಟಿಗೆ ಬೆಲೆಯೇ ಇಲ್ಲ. ಐಪಿ1ರಲ್ಲಿ 1433 ಬರೆದು "ನಾನು ಹಾಕಿದೆ, ಆದರೂ ಆಗಲಿಲ್ಲ" ಅನ್ನುವವರು ತುಂಬಾ ಜನ.

ಪೂರ್ತಿ ಕೆಳಗೆ ಸ್ಕ್ರೋಲ್ ಮಾಡಿ. ಕೊನೆಯಲ್ಲಿ ಐಪಿಆಲ್ ಎಂಬ ಭಾಗ ಇದೆ. ಅಲ್ಲಿ ಎರಡು ಸಾಲು:

1. ಟಿಸಿಪಿ ಡೈನಾಮಿಕ್ ಪೋರ್ಟ್ಸ್: ಇಲ್ಲಿ ಏನಿದ್ದರೂ ಅಳಿಸಿ ಖಾಲಿ ಬಿಡಿ. ಸೊನ್ನೆ ಹಾಕಬೇಡಿ. ಸೊನ್ನೆ ಅಂದರೆ "ನೀನೇ ಯಾವುದಾದರೂ ಆರಿಸಿಕೋ" ಅಂತ ಅರ್ಥ.
2. ಟಿಸಿಪಿ ಪೋರ್ಟ್: 1433 ಬರೆಯಿರಿ.

1433 ಯಾಕೆ? ಹೆಸರಿಲ್ಲದ ಡೀಫಾಲ್ಟ್ ಇನ್‌ಸ್ಟನ್ಸ್‌ನ ಪೋರ್ಟ್ ಅದು. ಕೌಂಟರ್ ಕಡೆಯಿಂದ ಬರಿ ಐಪಿ ಕೊಟ್ಟರೆ ಸಾಫ್ಟ್‌ವೇರ್ ತಾನಾಗಿ ಅಲ್ಲಿಗೇ ಬರುತ್ತದೆ. ಇದರಿಂದ ಐದನೇ, ಆರನೇ ಹಂತ ಎಷ್ಟೋ ಹಗುರ ಆಗುತ್ತದೆ. ಅದೇ ಯಂತ್ರದಲ್ಲಿ ಇನ್ನೊಂದು ಇನ್‌ಸ್ಟನ್ಸ್ ಆಗಲೇ 1433ರಲ್ಲಿ ಇದ್ದರೆ ಮಾತ್ರ ಬೇರೆ ನಂಬರ್ ಆರಿಸಿ, ಉದಾಹರಣೆಗೆ 1450. 49152ರಿಂದ 65535ರವರೆಗಿನ ನಂಬರ್ ಬೇಡ, ಅವುಗಳನ್ನು ವಿಂಡೋಸ್ ತಾತ್ಕಾಲಿಕ ಕೆಲಸಕ್ಕೆ ತಾನೇ ಬಳಸುತ್ತದೆ.

ಅಪ್ಲೈ ಒತ್ತಿ. ಸರ್ವೀಸ್ ರೀಸ್ಟಾರ್ಟ್ ಆಗುವವರೆಗೆ ಬದಲಾವಣೆ ಜಾರಿಗೆ ಬರುವುದಿಲ್ಲ ಅಂತ ಒಂದು ಸಂದೇಶ ಬರುತ್ತದೆ. ಓಕೆ ಒತ್ತಿ ಮರೆಯುವುದು ಸುಲಭ, ಅಲ್ವಾ? ಮರೆಯಬೇಡಿ. ಎಡಗಡೆ ಎಸ್‌ಕ್ಯೂಎಲ್ ಸರ್ವರ್ ಸರ್ವೀಸಸ್‌ಗೆ ಹೋಗಿ, ಅದೇ ಇನ್‌ಸ್ಟನ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ. ಅದರ ಸ್ಟಾರ್ಟ್ ಮೋಡ್ ಆಟೋಮ್ಯಾಟಿಕ್ ಇದೆಯಾ ಅಂತಲೂ ನೋಡಿ.

ಈಗ ಸಾಕ್ಷಿ ಬೇಕು. ಪ್ರೋಗ್ರಾಂ ಫೈಲ್ಸ್ ಒಳಗೆ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಫೋಲ್ಡರ್, ಅದರೊಳಗೆ ನಿಮ್ಮ ಇನ್‌ಸ್ಟನ್ಸ್ ಹೆಸರಿನ ಫೋಲ್ಡರ್, ಅದರ ಲಾಗ್ ಫೋಲ್ಡರ್‌ನಲ್ಲಿ ಎರರ್‌ಲಾಗ್ ಎಂಬ ಫೈಲ್ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು "ಸರ್ವರ್ ಈಸ್ ಲಿಸನಿಂಗ್ ಆನ್" ಎಂಬ ಇಂಗ್ಲಿಷ್ ಸಾಲು ಹುಡುಕಿ. ಅದರಲ್ಲಿ ಎನಿ, ಐಪಿವಿ4, 1433 ಮೂರೂ ಇರಬೇಕು. ಆ ಸಾಲು ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಫೈರ್‌ವಾಲ್ ಜೊತೆ ಎಷ್ಟು ಗುದ್ದಾಡಿದರೂ ಪ್ರಯೋಜನ ಇಲ್ಲ.

ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಸರ್ವರ್ ಪ್ರಾಪರ್ಟೀಸ್‌ನಲ್ಲಿ "ಅಲೋ ರಿಮೋಟ್ ಕನೆಕ್ಷನ್ಸ್ ಟು ದಿಸ್ ಸರ್ವರ್" ಎಂಬ ಟಿಕ್ ಇದೆ. ಅದನ್ನು ತೆಗೆದು ಹಾಕಿ ಮಾಡುತ್ತಾ ಕೂರುವವರಿದ್ದಾರೆ. ಹೆಸರು ಹಾಗಿದ್ದರೂ ಅದು ಸರ್ವರ್‌ಗಳ ನಡುವೆ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಉಳಿಸಿಟ್ಟ ಪ್ರೋಗ್ರಾಂ) ಓಡಿಸುವುದಕ್ಕೆ ಇರುವ ಹಳೆಯ ಆಯ್ಕೆ. ಕೌಂಟರ್ ಕನೆಕ್ಟ್ ಆಗುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

## ಹಂತ 4: ಫೈರ್‌ವಾಲ್‌ನಲ್ಲಿ ಒಂದೇ ಒಂದು ಬಾಗಿಲು

ಫೈರ್‌ವಾಲ್ ಆಫ್ ಮಾಡಬೇಡಿ. ವಿಂಡೋಸ್ ಡಿಫೆಂಡರ್ ಫೈರ್‌ವಾಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು ಇನ್‌ಬೌಂಡ್ ರೂಲ್ಸ್, ನ್ಯೂ ರೂಲ್ ಒತ್ತಿ. ಪೋರ್ಟ್ ಆರಿಸಿ, ಟಿಸಿಪಿ, 1433, ಅಲೋ ದ ಕನೆಕ್ಷನ್. ಪ್ರೊಫೈಲ್ ಕೇಳಿದಾಗ ಪ್ರೈವೇಟ್ ಮಾತ್ರ ಟಿಕ್ ಇರಲಿ. ಹೆಸರು ಕೊಟ್ಟು ಮುಗಿಸಿ.

ಆಮೇಲೆ ಅದೇ ರೂಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಸ್ಕೋಪ್ ಟ್ಯಾಬ್‌ನಲ್ಲಿ ರಿಮೋಟ್ ಐಪಿ ಅಡ್ರೆಸ್ ಜಾಗಕ್ಕೆ ಲೋಕಲ್ ಸಬ್‌ನೆಟ್ ಸೇರಿಸಿ. ನಿಮ್ಮ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳಿಗೆ ಮಾತ್ರ ಪ್ರವೇಶ ಸಿಗುತ್ತದೆ.

ಎಲ್ಲ ಸರಿ ಇದ್ದೂ ಕೆಲಸ ಆಗದಿದ್ದರೆ ಎರಡು ಕಡೆ ನೋಡಿ. ಹೊಸ ರೌಟರ್ ಹಾಕಿದ ಮೇಲೆ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂದುಕೊಂಡು ಪಬ್ಲಿಕ್ ಮಾಡಿರಬಹುದು, ಆಗ ಪ್ರೈವೇಟ್ ರೂಲ್ ಸುಮ್ಮನೆ ಇರುತ್ತದೆ. ಇನ್ನೊಂದು, ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್‌ಗೆ ತನ್ನದೇ ಫೈರ್‌ವಾಲ್ ಇರಬಹುದು, ಅಲ್ಲೂ ಇದೇ ಪೋರ್ಟ್‌ಗೆ ಅನುಮತಿ ಕೊಡಬೇಕು.

ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ 1433ನ್ನು ಇಂಟರ್ನೆಟ್‌ಗೆ ತೆರೆಯುವುದು ಬೇಡವೇ ಬೇಡ, ಯಾರು ಹೇಳಿದರೂ ಸರಿ. ಎಸ್‌ಎ ಲಾಗಿನ್‌ನ (ಎಸ್‌ಕ್ಯೂಎಲ್ ಸರ್ವರ್‌ನ ಮುಖ್ಯ ಅಡ್ಮಿನ್ ಲಾಗಿನ್) ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಇಂಟರ್ನೆಟ್‌ನಲ್ಲಿ ಹಗಲು ರಾತ್ರಿ ಓಡುತ್ತಿರುತ್ತವೆ. ಎರರ್‌ಲಾಗ್‌ನಲ್ಲಿ ಗುರುತಿಲ್ಲದ ಐಪಿಗಳಿಂದ ಲಾಗಿನ್ ಫೇಲ್ಡ್ ಸಾಲುಗಳು ಸಾಲುಗಟ್ಟಿ ಕಂಡರೆ ಯಾರೋ ಆಗಲೇ ಬಾಗಿಲು ತೆರೆದಿದ್ದಾರೆ ಅಂತ ತಿಳಿಯಿರಿ. ಬೇರೆ ಊರಿನ ಬ್ರಾಂಚ್ ಸೇರಿಸಬೇಕು ಅಂದರೆ ವಿಪಿಎನ್ (ಇಂಟರ್ನೆಟ್ ಮೂಲಕವೇ ಸುರಕ್ಷಿತ ಖಾಸಗಿ ದಾರಿ) ಹಾಕಿಸಿ.

## ಹಂತ 5: ಸಾಫ್ಟ್‌ವೇರ್ ಮುಟ್ಟುವ ಮೊದಲು ಕೌಂಟರ್‌ನಿಂದ ಪರೀಕ್ಷೆ

ಈಗ ಎರಡನೇ ಕಂಪ್ಯೂಟರ್‌ಗೆ ಬನ್ನಿ. ಬಿಲ್ಲಿಂಗ್ ಇನ್ನೂ ತೆರೆಯಬೇಡಿ.

ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡನ್ನು 192.168.1.50 ವಿಳಾಸ ಮತ್ತು 1433 ಪೋರ್ಟ್ ಜೊತೆ ಓಡಿಸಿ. ಕೊನೆಯಲ್ಲಿ ಟಿಸಿಪಿ ಟೆಸ್ಟ್ ಸಕ್ಸೀಡೆಡ್ ಎದುರು ಟ್ರೂ ಬಂದರೆ ದಾರಿ ತೆರೆದಿದೆ. ಪಿಂಗ್ ಫಲಿತಾಂಶ ನೋಡಿ ತೀರ್ಮಾನಕ್ಕೆ ಬರಬೇಡಿ. ಪಿಂಗ್ ಬಂದರೂ ಪೋರ್ಟ್ ಮುಚ್ಚಿರಬಹುದು, ಪಿಂಗ್ ಬರದಿದ್ದರೂ ಪೋರ್ಟ್ ತೆರೆದಿರಬಹುದು.

ಫಾಲ್ಸ್ ಬಂದರೆ ಕೌಂಟರ್ ಕಂಪ್ಯೂಟರ್ ಯಾವ ವೈಫೈನಲ್ಲಿದೆ ನೋಡಿ. ಗೆಸ್ಟ್ ವೈಫೈನಲ್ಲಿದ್ದರೆ ರೌಟರ್ ಅದನ್ನು ಒಳಗಿನ ಯಂತ್ರಗಳಿಂದ ದೂರ ಇಟ್ಟಿರುತ್ತದೆ. ಇಂಟರ್ನೆಟ್ ಬರುತ್ತದೆ, ಸರ್ವರ್ ಮಾತ್ರ ಸಿಗುವುದಿಲ್ಲ.

ಟ್ರೂ ಬಂದ ಮೇಲೆ ಲಾಗಿನ್ ಪರೀಕ್ಷೆ. ನೋಟ್‌ಪ್ಯಾಡ್‌ನಲ್ಲಿ ಖಾಲಿ ಫೈಲ್ ಮಾಡಿ, ಆಲ್ ಫೈಲ್ಸ್ ಆರಿಸಿ, ಯುಡಿಎಲ್ ಎಕ್ಸ್‌ಟೆನ್ಶನ್ ಕೊಟ್ಟು ಡೆಸ್ಕ್‌ಟಾಪ್‌ನಲ್ಲಿ ಉಳಿಸಿ. ಡಬಲ್ ಕ್ಲಿಕ್ ಮಾಡಿದರೆ ಡೇಟಾ ಲಿಂಕ್ ಪ್ರಾಪರ್ಟೀಸ್ ಕಿಟಕಿ ಬರುತ್ತದೆ. ಪ್ರೊವೈಡರ್ ಟ್ಯಾಬ್‌ನಲ್ಲಿ ಮೈಕ್ರೋಸಾಫ್ಟ್ ಓಎಲ್‌ಇ ಡಿಬಿ ಪ್ರೊವೈಡರ್ ಫಾರ್ ಎಸ್‌ಕ್ಯೂಎಲ್ ಸರ್ವರ್ ಆರಿಸಿ. ಕನೆಕ್ಷನ್ ಟ್ಯಾಬ್‌ನಲ್ಲಿ ಸರ್ವರ್ ಹೆಸರಿನ ಜಾಗಕ್ಕೆ 192.168.1.50,1433 ಹಾಕಿ, ಲಾಗಿನ್ ಕೊಟ್ಟು ಟೆಸ್ಟ್ ಕನೆಕ್ಷನ್ ಒತ್ತಿ. ಡೇಟಾಬೇಸ್ ಪಟ್ಟಿಯಲ್ಲಿ ನಿಮ್ಮ ಡೇಟಾಬೇಸ್ ಕಂಡರೆ ನೆಟ್‌ವರ್ಕ್ ಕೆಲಸ ಮುಗಿಯಿತು. ಕೆಲಸ ಆದ ಮೇಲೆ ಆ ಫೈಲ್ ಅಳಿಸಿ. ಪಾಸ್‌ವರ್ಡ್ ಉಳಿಸುವ ಟಿಕ್ ಹಾಕಿದ್ದರೆ ಅದು ಫೈಲಿನಲ್ಲಿ ಯಾರಿಗೆ ಬೇಕಾದರೂ ಓದಲು ಸಿಗುತ್ತದೆ.

## ಹಂತ 6: ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ವಿಳಾಸ ಬರೆಯುವುದು

ಸರ್ವರ್‌ನಲ್ಲಿದ್ದ ಸೆಟ್ಟಿಂಗ್ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ತಂದು ಕೌಂಟರ್‌ಗೆ ಹಾಕುವುದು ಎಲ್ಲರ ಅಭ್ಯಾಸ. ಆ ಫೈಲಿನಲ್ಲಿ ಸರ್ವರ್ ಹೆಸರಿನ ಜಾಗದಲ್ಲಿ ಒಂದು ಚುಕ್ಕಿ, ಅಥವಾ ಲೋಕಲ್‌ಹೋಸ್ಟ್, ಅಥವಾ ಬ್ರ್ಯಾಕೆಟ್ಟಿನೊಳಗೆ ಲೋಕಲ್ ಅಂತ ಇರುತ್ತದೆ. ಮೂರಕ್ಕೂ ಅರ್ಥ ಒಂದೇ: "ಇದೇ ಕಂಪ್ಯೂಟರ್". ಕೌಂಟರ್‌ನಲ್ಲಿ ಕೂತಾಗ ಅದು ಕೌಂಟರ್‌ನೊಳಗೇ ಸರ್ವರ್ ಹುಡುಕುತ್ತದೆ, ಸಿಗುವುದಿಲ್ಲ. ಅಲ್ಲಿ 192.168.1.50,1433 ಬರೆಯಿರಿ.

ಐಪಿ ಮತ್ತು ಪೋರ್ಟ್ ನಡುವೆ ಇರುವುದು ಕಾಮಾ. ಬ್ರೌಸರ್ ಅಭ್ಯಾಸದಿಂದ ಕೋಲನ್ ಹಾಕಿದರೆ ನಡೆಯುವುದಿಲ್ಲ. ಜಾವಾದಲ್ಲಿ ಬರೆದ ಸಾಫ್ಟ್‌ವೇರ್ ಡೇಟಾಬೇಸ್‌ಗೆ ಸೇರಲು ಜೆಡಿಬಿಸಿ ಎಂಬ ವಿಧಾನ ಬಳಸುತ್ತದೆ, ಅಲ್ಲಿ ಮಾತ್ರ ಕೋಲನ್ನೇ ಬೇಕು.

ಪೋರ್ಟ್ ಕೊಟ್ಟ ಮೇಲೆ ಹಿಂದಿನ ಬ್ಯಾಕ್‌ಸ್ಲ್ಯಾಶ್ ಮತ್ತು ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್ ಹೆಸರು ಬೇಕಾಗಿಲ್ಲ. ಹೆಸರು ಕೊಟ್ಟು ಪೋರ್ಟ್ ಕೊಡದಿದ್ದರೆ ಸಾಫ್ಟ್‌ವೇರ್ ಮೊದಲು ಯುಡಿಪಿ 1434ರಲ್ಲಿ ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಎಂಬ ಸರ್ವೀಸ್‌ಗೆ "ಈ ಹೆಸರಿನವರ ಪೋರ್ಟ್ ಯಾವುದು" ಅಂತ ಕೇಳುತ್ತದೆ. ಆ ಸರ್ವೀಸ್ ಓಡದಿದ್ದರೆ ಉತ್ತರ ಇಲ್ಲ. ನಾವು ಪೋರ್ಟ್ ನಿಗದಿ ಮಾಡಿದ್ದೇ ಈ ವಿಚಾರಣೆ ತಪ್ಪಿಸುವುದಕ್ಕೆ.

ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಹಳೆಯ ಹೆಸರನ್ನೇ ಹಿಡಿದು ಕೂರುತ್ತವೆ, ಬದಲಾಯಿಸಲು ಬಿಡುವುದಿಲ್ಲ. ಆಗ ಕೌಂಟರ್‌ನಲ್ಲಿ ಸಿಎಲ್‌ಐಕಾನ್ಫ್‌ಜಿ ಎಂಬ ವಿಂಡೋಸ್‌ನ ಉಪಕರಣದಿಂದ ಆ ಹೆಸರಿಗೆ ಅಲಿಯಾಸ್ (ಅಡ್ಡಹೆಸರು) ಮಾಡಿ, ಅದನ್ನು ನಮ್ಮ ಐಪಿ ಮತ್ತು ಪೋರ್ಟ್‌ಗೆ ತಿರುಗಿಸಿ. ಇಲ್ಲೊಂದು ಬಲೆ ಇದೆ. 64 ಬಿಟ್ ವಿಂಡೋಸ್‌ನಲ್ಲಿ ಈ ಉಪಕರಣ ಎರಡಿವೆ. ಹಳೆಯ ಬಿಲ್ಲಿಂಗ್ ಹೆಚ್ಚಾಗಿ 32 ಬಿಟ್ ಆದ್ದರಿಂದ ಸಿಸ್ಟಮ್32 ಫೋಲ್ಡರ್‌ನದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಸಿಸ್‌ವೌ64 ಫೋಲ್ಡರ್‌ನಲ್ಲಿರುವುದು 32 ಬಿಟ್‌ನದ್ದು. ಹೆಸರು ತಿರುಗಾಮುರುಗಾ ಇದೆ, ಏನು ಮಾಡುವುದು.

## ಹಂತ 7: ಲಾಗಿನ್ ಮತ್ತು ಎನ್‌ಕ್ರಿಪ್ಶನ್

18456 ನಂಬರಿನ ಎರರ್ ಬಂದರೆ ಬೇಸರ ಬೇಡ, ನೀವು ಸರ್ವರ್ ತಲುಪಿದ್ದೀರಿ. ತೊಂದರೆ ಇರುವುದು ಲಾಗಿನ್‌ನಲ್ಲಿ. ಕೌಂಟರ್‌ನಲ್ಲಿ ಕಾರಣ ಬೇಕೆಂದೇ ಮುಚ್ಚಿಟ್ಟಿರುತ್ತಾರೆ, ಅಲ್ಲಿ ಯಾವಾಗಲೂ ಸ್ಟೇಟ್ 1 ಎಂದೇ ಬರುತ್ತದೆ. ನಿಜವಾದ ಸ್ಟೇಟ್ ನಂಬರ್ ಸರ್ವರ್‌ನ ಎರರ್‌ಲಾಗ್‌ನಲ್ಲಿರುತ್ತದೆ: 5 ಇದ್ದರೆ ಆ ಹೆಸರಿನ ಲಾಗಿನ್ ಇಲ್ಲ, 8 ಇದ್ದರೆ ಪಾಸ್‌ವರ್ಡ್ ತಪ್ಪು, 58 ಇದ್ದರೆ ಸರ್ವರ್ ವಿಂಡೋಸ್ ಲಾಗಿನ್ ಮಾತ್ರ ಒಪ್ಪುತ್ತಿದೆ. 58ಕ್ಕೆ ಮ್ಯಾನೇಜ್‌ಮೆಂಟ್ ಸ್ಟುಡಿಯೋದ ಸೆಕ್ಯುರಿಟಿ ಪುಟದಲ್ಲಿ ಮಿಕ್ಸ್ಡ್ ಮೋಡ್ (ವಿಂಡೋಸ್ ಲಾಗಿನ್, ಎಸ್‌ಕ್ಯೂಎಲ್ ಲಾಗಿನ್ ಎರಡನ್ನೂ ಒಪ್ಪುವುದು) ಮಾಡಿ ಸರ್ವೀಸ್ ರೀಸ್ಟಾರ್ಟ್ ಮಾಡಿ.

ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನ ಸರ್ಟಿಫಿಕೇಟ್ ಚೈನ್ ಮೇಲೆ ನಂಬಿಕೆ ಇಲ್ಲ ಎಂಬ ಎರರ್ ಬಂದರೆ ನೆಟ್‌ವರ್ಕ್ ಕೆಟ್ಟಿಲ್ಲ. ಸಾಫ್ಟ್‌ವೇರನ್ನು ಡೇಟಾಬೇಸ್‌ಗೆ ಜೋಡಿಸುವ ಓಡಿಬಿಸಿ ಡ್ರೈವರ್‌ನ 18ನೇ ಆವೃತ್ತಿಯಿಂದ ಎನ್‌ಕ್ರಿಪ್ಶನ್ (ಮಾಹಿತಿಯನ್ನು ಗುಪ್ತವಾಗಿ ಕಳಿಸುವುದು) ಡೀಫಾಲ್ಟ್ ಆಗಿ ಆನ್ ಇದೆ, ಎಕ್ಸ್‌ಪ್ರೆಸ್ ತಾನೇ ಮಾಡಿಕೊಂಡ ಸರ್ಟಿಫಿಕೇಟನ್ನು ಅದು ನಂಬುವುದಿಲ್ಲ. ಒಂದೇ ಕೋಣೆಯ ನೆಟ್‌ವರ್ಕ್‌ನಲ್ಲಿ ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಎಂಬ ಆಯ್ಕೆಯನ್ನು ಯೆಸ್ ಮಾಡಿದರೆ ನಡೆಯುತ್ತದೆ. ಎನ್‌ಕ್ರಿಪ್ಟನ್ನೇ ನೋ ಮಾಡುವುದಕ್ಕಿಂತ ಇದು ಮೇಲು. ಹೊರಗಿನ ಜನ ಸೇರುವ ನೆಟ್‌ವರ್ಕ್ ಆದರೆ ಸರಿಯಾದ ಸರ್ಟಿಫಿಕೇಟ್ ಹಾಕಿಸಲೇಬೇಕು.

## ಎರರ್ ನೋಡಿ ಹಂತ ಗುರುತಿಸುವುದು

ಎರರ್ 26: ಇನ್‌ಸ್ಟನ್ಸ್ ಹೆಸರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕಾಮಾ ಮತ್ತು ಪೋರ್ಟ್ ಕೊಟ್ಟ ಮೇಲೂ 26 ಬರುತ್ತಿದ್ದರೆ ಸಾಫ್ಟ್‌ವೇರ್ ಇನ್ನೂ ಹಳೆಯ ಸೆಟ್ಟಿಂಗ್ ಫೈಲನ್ನೇ ಓದುತ್ತಿದೆ. ಆರನೇ ಹಂತಕ್ಕೆ ಹೋಗಿ.

10061: ಯಂತ್ರ ಸಿಕ್ಕಿತು, ಆ ಪೋರ್ಟ್‌ನಲ್ಲಿ ಕೇಳುವವರಿಲ್ಲ. ಮೂರನೇ ಹಂತ.

10060: ಉತ್ತರವೇ ಇಲ್ಲ. ಐಪಿ ತಪ್ಪು ಅಥವಾ ಫೈರ್‌ವಾಲ್. ಆದರೆ ಕೇಳುವವರಿಲ್ಲದ ಪೋರ್ಟ್‌ಗೂ ವಿಂಡೋಸ್ ಫೈರ್‌ವಾಲ್ ಉತ್ತರ ಕೊಡದೆ ಸುಮ್ಮನಿರುವುದುಂಟು. ಅದಕ್ಕೇ ಮೂರನೇ ಹಂತದ ಎರರ್‌ಲಾಗ್ ಸಾಲು ಮೊದಲು ನೋಡಿ ಅಂದಿದ್ದು.

ನೇಮ್ಡ್ ಪೈಪ್ಸ್ ಪ್ರೊವೈಡರ್, ಎರರ್ 40: ಬೇರೆ ದಾರಿ ಹಿಡಿದು ಸೋತಿದೆ. ಸರ್ವರ್ ವಿಳಾಸದ ಮುಂದೆ ಟಿಸಿಪಿ ಅಂತ ಇಂಗ್ಲಿಷ್‌ನಲ್ಲಿ ಬರೆದು ಕೋಲನ್ ಹಾಕಿ, ಆಗ ನಿಜವಾದ ಎರರ್ ಹೊರಗೆ ಬರುತ್ತದೆ.

ಟೈಮ್‌ಔಟ್ ಅಂದ ಕೂಡಲೇ ಅವಧಿ ಜಾಸ್ತಿ ಮಾಡುವುದು ಸರಿಯಲ್ಲ. ಡಾಟ್‌ನೆಟ್‌ನಲ್ಲಿ ಕನೆಕ್ಷನ್‌ಗೆ ಡೀಫಾಲ್ಟ್ ಕಾಯುವ ಸಮಯ 15 ಸೆಕೆಂಡ್. ಒಂದೇ ಸ್ವಿಚ್‌ನಲ್ಲಿರುವ ಎರಡು ಯಂತ್ರಗಳಿಗೆ ಅಷ್ಟು ಹೊತ್ತು ಬೇಕಾಗುವುದೇ ಇಲ್ಲ. 60 ಮಾಡಿದರೆ ಎರರ್ ಬರುವುದು ತಡವಾಗುತ್ತದೆ, ಅಷ್ಟೇ. ಕನೆಕ್ಟ್ ಆಗಿ, ತಿಂಗಳ ರಿಪೋರ್ಟ್ ತೆಗೆಯುವಾಗ ಮಾತ್ರ ಟೈಮ್‌ಔಟ್ ಆದರೆ ಅದು ಕಮಾಂಡ್ ಟೈಮ್‌ಔಟ್, ಡೀಫಾಲ್ಟ್ 30 ಸೆಕೆಂಡ್. ಸಾಫ್ಟ್‌ವೇರ್ ಮಾಡಿದವರು ನೋಡಬೇಕಾದ ವಿಷಯ ಅದು. ಪೂಲ್‌ನಿಂದ (ಸಾಫ್ಟ್‌ವೇರ್ ಮತ್ತೆ ಮತ್ತೆ ಬಳಸಲು ಇಟ್ಟುಕೊಳ್ಳುವ ಕನೆಕ್ಷನ್‌ಗಳ ಗುಂಪು) ಕನೆಕ್ಷನ್ ಸಿಗಲಿಲ್ಲ ಅಂತ ಬಂದರೂ ಅವರಿಗೇ ಹೇಳಿ. ಡೀಫಾಲ್ಟ್ ಮಿತಿ 100 ಇದೆ, ನಾಲ್ಕು ಕೌಂಟರ್ ಅಂಗಡಿಯಲ್ಲಿ ಅದು ತುಂಬಿದರೆ ತೆರೆದ ಕನೆಕ್ಷನ್ ಮುಚ್ಚುತ್ತಿಲ್ಲ ಎಂದೇ ಲೆಕ್ಕ.

## ಹಂತ 8: ಕರೆಂಟ್ ಹೋಗಿ ಬಂದಂತೆ ಮಾಡಿ ನೋಡಿ

ರೌಟರ್, ಸರ್ವರ್, ಕೌಂಟರ್ ಎಲ್ಲವನ್ನೂ ಆಫ್ ಮಾಡಿ. ಕಂಪ್ಯೂಟರ್‌ಗಳನ್ನು ಮೊದಲು ಶಟ್‌ಡೌನ್ ಮಾಡಿ, ಪ್ಲಗ್ ಕೀಳಬೇಡಿ. ಆಮೇಲೆ ಬೇಕೆಂದೇ ಉಲ್ಟಾ ಕ್ರಮದಲ್ಲಿ ಆನ್ ಮಾಡಿ: ಮೊದಲು ಕೌಂಟರ್, ಆಮೇಲೆ ಸರ್ವರ್, ಕೊನೆಗೆ ರೌಟರ್. ಐದು ನಿಮಿಷ ಬಿಟ್ಟು ಕೌಂಟರ್‌ನಲ್ಲಿ ಬಿಲ್ಲಿಂಗ್ ತೆರೆಯಿರಿ. ಏನೂ ಮುಟ್ಟದೆ ಓಪನ್ ಆದರೆ ಉಳಿದ ಕೌಂಟರ್‌ಗಳಿಗೆ ಐದನೇ ಮತ್ತು ಆರನೇ ಹಂತ ಮಾತ್ರ ಮಾಡಿ.

ಓಪನ್ ಆಗದಿದ್ದರೆ ಸರ್ವರ್‌ನ ಐಪಿ ಬದಲಾಗಿದೆಯಾ ನೋಡಿ, ಆಮೇಲೆ ಸರ್ವೀಸ್ ತಾನಾಗಿ ಶುರುವಾಗಿದೆಯಾ ನೋಡಿ. ಬೂಟ್ ಆಗುವಾಗ ಯಂತ್ರ ಬಹಳ ನಿಧಾನ ಇದ್ದು ಸರ್ವೀಸ್ ಶುರುವಾಗದೆ ಉಳಿಯುತ್ತಿದ್ದರೆ ಸರ್ವೀಸಸ್ ಕಿಟಕಿಯಲ್ಲಿ ಅದನ್ನು ಆಟೋಮ್ಯಾಟಿಕ್ ಡಿಲೇಯ್ಡ್ ಸ್ಟಾರ್ಟ್ ಮಾಡಿ.

ಸರ್ವರ್ ಐಪಿ, ಪೋರ್ಟ್, ಇನ್‌ಸ್ಟನ್ಸ್ ಹೆಸರು, ಫೈರ್‌ವಾಲ್ ರೂಲ್‌ನ ಹೆಸರು, ರೌಟರ್‌ನಲ್ಲಿ ರಿಸರ್ವೇಶನ್ ಮಾಡಿದ ತಾರೀಖು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸರ್ವರ್ ಕ್ಯಾಬಿನೆಟ್‌ಗೆ ಅಂಟಿಸಿ. ರೌಟರ್ ಬದಲಾಯಿಸಲು ಬರುವವರಿಗೆ ಮೊದಲು ಅದನ್ನು ತೋರಿಸಿ, ಯಾಕೆಂದರೆ ಹೊಸ ರೌಟರ್‌ನಲ್ಲಿ ಒಂದನೇ ಹಂತ ಮತ್ತೆ ಮಾಡಲೇಬೇಕು. ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬೇಡ.